ಖಾಲಿ ಕುರ್ಚಿಯ ಮುಂದೆ ಓಡಾಡಿದ ಬಾಣ

ಕಂಪ್ಯೂಟರಿನಲ್ಲಿ ಬಸ್ ಓಡಿಸುವ ಆಟವನ್ನು ನಮ್ಮ ಮಾವನಿಗೆ ಕೊಡಿಸಿದವಳು ನಾನೇ. ಮಾವ ಎಂದರೆ ನನ್ನ ಗಂಡನ ತಂದೆ. ಸರ್ವಿಸ್ ಮುಗಿಯುವವರೆಗೂ ಯಶವಂತಪುರದಿಂದ ಹೆಬ್ಬಾಳದ ಮೂಲಕ ಯಲಹಂಕಕ್ಕೆ ಸಿಟಿ ಬಸ್ ಓಡಿಸಿದವರು. ನಿವೃತ್ತಿಯಾದ ಮೇಲೆ ಕಣ್ಣಿನ ಆಪರೇಷನ್ ಆಯಿತು, ಸ್ಕೂಟರಿನ ಕೀಲಿಯನ್ನೂ ಅತ್ತೆ ಎತ್ತಿಟ್ಟುಬಿಟ್ಟರು. ಕೂತು ಕೂತು ಟೀವಿ ರಿಮೋಟಿಗಾಗಿ ಅತ್ತೆಯ ಜೊತೆ ಜಗಳ ಹೆಚ್ಚಾದಾಗ, ನನ್ನ ಮೇಲ್ ವಿಳಾಸದಲ್ಲೇ ಆ ಆಟವನ್ನು ಕೊಂಡು ಹಾಲ್ ಪಕ್ಕದ ಕೋಣೆಯ ಕಂಪ್ಯೂಟರಿಗೆ ಹಾಕಿಕೊಟ್ಟೆ. ಅದೇ ಕಂಪ್ಯೂಟರಿನ ಬ್ರೌಸರಿನಲ್ಲಿ ನನ್ನ ಮೇಲ್‌ನಿಂದ ಹಿಡಿದು ಮನೆಯವರೆಲ್ಲರ ಪಾಸ್‌ವರ್ಡ್‌ಗಳೂ ಉಳಿದಿದ್ದವು. ಪ್ರತಿಸಲ ಯಾರು ಟೈಪ್ ಮಾಡುತ್ತಾರೆ ಎಂದು ನಾನೇ ಉಳಿಸಿದ್ದೆ.

ಆಟದಲ್ಲಿದ್ದ ರಸ್ತೆಗಳೆಲ್ಲ ಯಾವುದೋ ದೂರದ ದೇಶದವು. ನುಣ್ಣಗಿನ ರಸ್ತೆ, ಗೆರೆ ದಾಟದ ಕಾರುಗಳು. ಮಾವ ಸ್ವಲ್ಪ ದಿನ ಓಡಿಸಿ ಬೇಸರಪಟ್ಟರು.

"ಈ ಊರಲ್ಲಿ ಒಬ್ನೂ ಅಡ್ಡ ಬರಲ್ಲ ಕಣಮ್ಮ. ಇಂಗೆ ಓಡ್ಸಿದ್ರೆ ನಿದ್ದೆ ಬರ್ತದೆ."

ಆಮೇಲೆ ಅವರಿಗೆ ತಿಳಿಯಿತು, ನಮ್ಮದೇ ಬಸ್ಸು, ನಮ್ಮದೇ ರಸ್ತೆ ಮಾಡಿ ಆಟಕ್ಕೆ ಸೇರಿಸಬಹುದು ಎಂದು. ಹಾಗೆ ಮಾಡುವವರ ಗುಂಪೊಂದು ಫೋನಿನಲ್ಲಿ ಸಿಕ್ಕಿತು. ಬಸ್ಸಿನ ಬಣ್ಣ, ಬೋರ್ಡು, ಹಾರ್ನಿನ ಸದ್ದು ಎಲ್ಲವನ್ನೂ ತಾವೇ ತಯಾರಿಸಿ ಹಂಚಿಕೊಳ್ಳುವ ಜನ. ಅಲ್ಲಿ ಮಾವ ಎಲ್ಲರಿಗೂ ಅಂಕಲ್. ಗುಂಪಿನವರನ್ನು ಕೇಳಿ ಕೇಳಿ ಕಲಿತು, ಯಲಹಂಕದಿಂದ ಹೆಬ್ಬಾಳದವರೆಗಿನ ದಾರಿಯನ್ನು ತುಂಡು ತುಂಡಾಗಿ ಕಟ್ಟತೊಡಗಿದರು. ಕೋಗಿಲು ಕ್ರಾಸಿನ ಸಿಗ್ನಲ್ ಬಂತು, ಅಲ್ಲಾಳಸಂದ್ರದ ತಿರುವು ಬಂತು. ಬಸ್ ಸ್ಟಾಪನ್ನು ಬೋರ್ಡ್ ಇರುವ ಕಡೆ ಇಡದೆ ಸ್ವಲ್ಪ ಮುಂದೆ, ಮರದ ಕೆಳಗೆ ಇಟ್ಟಿದ್ದರು. ಯಾಕೆ ಎಂದು ಕೇಳಿದರೆ, "ಬೋರ್ಡ್ ಕೆಳಗೆ ಯಾರ್ ನಿಲ್ತಾರೆ? ನೆರಳಿರೋ ಕಡೆ ನಿಲ್ತಾರೆ" ಎಂದರು.

ದಾರಿ, ಗುಂಪಿನವರ ಮಾತಿನಲ್ಲಿ ಮ್ಯಾಪ್, ಸಿದ್ಧವಾಯಿತು, ಆದರೆ ಆಟದೊಳಗೆ ಕಾಣಿಸಲಿಲ್ಲ. ಇಂಥ ಆಟಕ್ಕೆ ಕಂಪ್ಯೂಟರಿನಲ್ಲಿ ಎರಡು ಜಾಗ ಇರುತ್ತವೆ. ಆಟದ ಸ್ವಂತ ಸಾಮಾನೆಲ್ಲ ಇರುವ ಫೋಲ್ಡರ್ ಒಂದು. ಆಡುವವರು ಉಳಿಸಿದ್ದು, ಸೇರಿಸಿದ್ದು ಇರುವ ಫೋಲ್ಡರ್ ಇನ್ನೊಂದು. ನಾವು ಮಾಡಿದ ದಾರಿಯನ್ನು ಎರಡನೆಯದರಲ್ಲಿ ಇಟ್ಟರೆ ಮಾತ್ರ ಆಟ ಅದನ್ನು ಗುರುತಿಸುತ್ತದೆ. ಮಾವ ಮೊದಲನೆಯದರಲ್ಲಿ ಇಟ್ಟಿದ್ದರು. ಒಂದು ಭಾನುವಾರ ನಾನೂ ಕೂತು ಹುಡುಕಿದೆ. ಎಂಎಸ್ಸಿ ಓದಿದವಳು, ಲ್ಯಾಬಿನಲ್ಲಿ ದಿನವಿಡೀ ಕಂಪ್ಯೂಟರಿನ ಮುಂದೆಯೇ ಇರುವವಳು. ಆದರೂ ಆ ಎರಡನೆಯ ಫೋಲ್ಡರ್ ಕಣ್ಣಿಗೆ ಬೀಳಲಿಲ್ಲ. ಡಾಕ್ಯುಮೆಂಟ್ಸ್‌ನಲ್ಲಿ ಆಟದ ಹೆಸರಿನ ಖಾಲಿ ಫೋಲ್ಡರೊಂದಿತ್ತು. ಅಲ್ಲಿಟ್ಟು ನೋಡಿದೆವು, ಆಗಲಿಲ್ಲ.

ಮಾವ ಗುಂಪಿನಲ್ಲಿ ಕೇಳಿದರು. ನಾನು ನೋಡಿಕೊಡುತ್ತೇನೆ ಎಂದು ಒಬ್ಬ ಮುಂದೆ ಬಂದ. ರಾತ್ರಿ ಊಟಕ್ಕೆ ಕೂತಾಗ ಮಾವ ಈ ಸಂಗತಿ ಹೇಳಿದರು.

"ಯಾರವರು?" ಎಂದೆ.

"ನಮ್ ಗುಂಪಿನೋನೇ. ಅವರಪ್ಪ ಯಶವಂತಪುರದ ಕಡೆ ಕಂಡಕ್ಟರಾಗಿದ್ರಂತೆ."

"ನೀವು ನೋಡಿದ್ದೀರಾ?"

"ಮಾತಾಡಿದ್ದೀನಲ್ಲ. ಬಾಯ್ತುಂಬ ಅಂಕಲ್ ಅಂತಾನೆ."

ಅತ್ತೆ ಸಾರು ಬಡಿಸುತ್ತಾ, "ಬಾಯ್ತುಂಬ ಅಂಕಲ್ ಅನ್ನೋರೇ ಜೇಬಿಗೆ ಕೈ ಹಾಕೋದು. ಅಷ್ಟ್ ವರ್ಷ ಬಸ್ಸಲ್ಲಿ ಏನ್ ನೋಡಿದ್ರಿ?" ಎಂದರು.

"ಜೇಬು ಹೊಡಿಯೋದು ಹಿಂದಿನ್ ಬಾಗಿಲಲ್ಲಿ ಕಣೇ. ನಾನು ಮುಂದೆ ಕೂತಿರ್ತಿದ್ದೆ."

ನಾವೆಲ್ಲ ನಕ್ಕೆವು.

ಮಾರನೆಯ ಸಂಜೆ ಕೆಲಸ ಮುಗಿಸಿ ಬಂದಾಗ ಅತ್ತೆ ಹಾಲ್‌ನಲ್ಲಿ ಇಂಟರ್ನೆಟ್ ಟೀವಿಯಲ್ಲಿ ಸೀರಿಯಲ್ ನೋಡುತ್ತಿದ್ದರು. ನನ್ನ ಗಂಡ ಫ್ಯಾಕ್ಟರಿಯಲ್ಲಿ ಸೆಕೆಂಡ್ ಶಿಫ್ಟ್‌ನಲ್ಲಿದ್ದರು. ಚಪ್ಪಲಿ ಬಿಟ್ಟು, ಬ್ಯಾಗ್ ಹೆಗಲಲ್ಲೇ ಇಟ್ಟುಕೊಂಡು ಕೋಣೆಯ ಬಾಗಿಲಿಗೆ ಬಂದೆ. ಕುರ್ಚಿ ಖಾಲಿ. ಪರದೆಯ ಮೇಲೆ ಮೌಸಿನ ಬಾಣ ಓಡಾಡುತ್ತಿತ್ತು.

ಮೌಸ್ ಕೆಟ್ಟಿದೆ ಎಂದುಕೊಂಡೆ. ಕೆಟ್ಟ ಮೌಸ್ ನಡುಗುತ್ತದೆ, ಹೀಗೆ ನೆಟ್ಟಗೆ ಹೋಗುವುದಿಲ್ಲ. ಬಾಣ ಒಂದು ಫೋಲ್ಡರಿನ ಮೇಲೆ ನಿಂತಿತು, ಯೋಚಿಸಿತು, ತೆರೆಯಿತು. ಕೆಳಗೆ ಮೂಲೆಯಲ್ಲಿ ಪುಟ್ಟ ಚೌಕವೊಂದು ಕಂಡಿತು. ಯಾರೋ ಹೊರಗಿನಿಂದ ಈ ಕಂಪ್ಯೂಟರನ್ನು ನಡೆಸುತ್ತಿದ್ದಾರೆ ಎಂದು ಹೇಳುವ ಚೌಕ. ಆ ಅಪ್ಲಿಕೇಷನ್ ನನಗೆ ಗೊತ್ತು. ಪರದೆಯ ಮೇಲೆ ಬರುವ ನಂಬರನ್ನು ಹೇಳಿದರೆ ಸಾಕು, ಎಲ್ಲೋ ಕೂತವರ ಕೈಗೆ ನಮ್ಮ ಮೌಸ್ ಹೋಗುತ್ತದೆ. ಮಾವ ನಂಬರ್ ಹೇಳಿದ್ದಾರೆ, ಎದ್ದು ಹೋಗಿದ್ದಾರೆ.

ಕೂಗಬೇಕಿತ್ತು. ಕೂಗಲಿಲ್ಲ. ಪರದೆಯ ಮೇಲಿನ ಕ್ಯಾಮೆರಾ ನನ್ನ ಕಡೆಗೇ ನೋಡುತ್ತಿದೆ ಎನಿಸಿ ಬಾಗಿಲ ಮರೆಗೆ ಸರಿದೆ. ನಮ್ಮ ಮನೆಯಲ್ಲಿ ನಾನು ಅಡಗಿ ನಿಂತಿದ್ದೆ.

ಅಡಗಿ ನಿಂತೇ ನೋಡಿದೆ. ಅವನು ಮೊದಲು ಬಳಕೆದಾರರ ಫೋಲ್ಡರಿಗೆ ಹೋದ. ಅದರೊಳಗೆ ಮಾವನ ಹೆಸರಿನದು. ಆಮೇಲೆ ಮೇಲಿನ ಪಟ್ಟಿಯಲ್ಲಿ ಏನೋ ಒಂದನ್ನು ಒತ್ತಿದ. ಅಲ್ಲಿಯವರೆಗೆ ಇಲ್ಲದ ಫೋಲ್ಡರೊಂದು ಮಸುಕಾಗಿ ಮೂಡಿತು. ಓ, ಮುಚ್ಚಿಟ್ಟ ಫೋಲ್ಡರ್! ಭಾನುವಾರ ನನಗೆ ಸಿಗದಿದ್ದ ಜಾಗ ಅದು. ಒಳಗೆ ಹೋದರೆ ಆಟದ ಹೆಸರು. ಮಾವನ ದಾರಿಯನ್ನು ತಂದು ಅಲ್ಲಿ ಇಟ್ಟ. ಒಂದು ಕ್ಷಣ ನನಗೆ ನಾಚಿಕೆಯಾಯಿತು. ಪಾಪ, ಕೆಲಸ ಮಾಡಿಕೊಡುತ್ತಿದ್ದಾನೆ, ನಾನು ಕಳ್ಳಿಯ ಹಾಗೆ ಇಣುಕುತ್ತಿದ್ದೇನೆ ಎನಿಸಿತು.

ಅವನು ನಿಲ್ಲಲಿಲ್ಲ. ಬಾಣ ಒಂದು ಹೆಜ್ಜೆ ಹಿಂದಕ್ಕೆ ಬಂತು. ಆಟದ ಫೋಲ್ಡರ್ ಇದ್ದ ಅದೇ ಸಾಲಿನಲ್ಲಿ ನಮ್ಮ ಪಾಸ್‌ವರ್ಡ್‌ಗಳೆಲ್ಲ ಉಳಿದಿದ್ದ ಬ್ರೌಸರಿನ ಫೋಲ್ಡರೂ ಇತ್ತು. ಅದನ್ನು ತೆರೆಯಿತು. ಒಳಗಿನ ಒಂದನ್ನು ಹಿಡಿಯಿತು. ಪಕ್ಕದಲ್ಲಿ ಮತ್ತೊಂದು ಕಿಟಕಿ ತೆರೆದು, ಅದು ಅವನ ಕಡೆಗೆ ಹೋಗುತ್ತಿರುವುದನ್ನು ತೋರಿಸುವ ಹಸಿರು ಪಟ್ಟಿಯೊಂದು ಎಡದಿಂದ ಬಲಕ್ಕೆ ನಿಧಾನವಾಗಿ ತುಂಬತೊಡಗಿತು.

ಅದೇ ಹೊತ್ತಿಗೆ ನನ್ನ ಬ್ಯಾಗಿನೊಳಗೆ ಫೋನ್ ನಡುಗಿತು. ತೆಗೆದು ನೋಡಿದೆ. ಒಂದು ಕೋಡ್ ಬಂದಿತ್ತು, ಯಾರಿಗೂ ಹೇಳಬೇಡಿ ಎಂಬ ಸಾಲಿನೊಂದಿಗೆ. ತಲೆ ಎತ್ತಿದರೆ ಪರದೆಯ ಮೇಲೆ ಪುಟ್ಟ ಪೆಟ್ಟಿಗೆಯಲ್ಲಿ ಅಕ್ಷರಗಳು ಮೂಡುತ್ತಿದ್ದವು.

"ಅಂಕಲ್, ಫೋನಿಗೆ ಒಂದ್ ಕೋಡ್ ಬಂತಾ? ಹೇಳ್ಬಿಡಿ, ಮ್ಯಾಪ್ ಓಪನ್ ಆಗುತ್ತೆ."

ಸ್ವಲ್ಪ ಹೊತ್ತು ಬಿಟ್ಟು ಮತ್ತೆ. "ಅಂಕಲ್? ಇದ್ದೀರಾ?"

ಹಾಲ್‌ಗೆ ಓಡಿ, ಟೀವಿಯ ಹಿಂದೆ ಕೈ ಹಾಕಿ, ಇಂಟರ್ನೆಟ್ಟಿನ ಪೆಟ್ಟಿಗೆಯ ವೈರನ್ನೇ ಕಿತ್ತೆ.

"ಅಯ್ಯೋ! ಸೀರಿಯಲ್ಲು!" ಎಂದರು ಅತ್ತೆ. "ಈಗ್ ತಾನೇ ಅವಳು ಬಾಗಿಲು ತೆಗೀತಿದ್ಲು ಕಣೇ!"

ವೈರನ್ನು ಕೈಯಲ್ಲಿ ಹಿಡಿದು ನೆಲದ ಮೇಲೆ ಕೂತುಬಿಟ್ಟೆ. ಅತ್ತೆ ನನ್ನ ಮುಖ ನೋಡಿ ಸೀರಿಯಲ್ ಮರೆತು ನೀರು ತಂದರು.

ಮಾವ ಬೀದಿ ಕೊನೆಯ ಅಂಗಡಿಯಲ್ಲಿ ಟೀ ಕುಡಿದು, ನಮಗೆಂದು ವಡೆಯ ಪೊಟ್ಟಣ ಹಿಡಿದು ನೆಮ್ಮದಿಯಾಗಿ ಬಂದರು. ನಾನು ನಡೆದದ್ದನ್ನು ಹೇಳಿದೆ. ದನಿ ಏರಿತ್ತು ಎಂದು ಕಾಣುತ್ತದೆ.

"ಮಾವ, ಅವನ ಕೈಗೆ ಕೊಟ್ಟು ಎದ್ದು ಹೋಗ್ಬಿಟ್ರಾ? ಪಕ್ಕದಲ್ಲಿ ಕೂತು ನೋಡ್ಬೇಕಲ್ವಾ?"

ಅವರಿಗೆ ನಿಜಕ್ಕೂ ಆಶ್ಚರ್ಯವಾಯಿತು. "ರಿಲೀಫ್ ಡ್ರೈವರ್ ಬಂದ್ಮೇಲೆ ನಾವು ಸೀಟ್ ಬಿಟ್ ಇಳೀಬೇಕು ಕಣಮ್ಮ. ಇಂದೆ ನಿಂತು ಅವನ್ ಕೈ ನೋಡ್ತಿದ್ರೆ ಅದು ಅವನಿಗೆ ಅವಮಾನ. ಯಾರೂ ಅಂಗೆ ಮಾಡಲ್ಲ. ಗಾಡಿ ಕೊಟ್ರೆ ಮುಗೀತು, ಓಗಿ ಟೀ ಕುಡೀತೀವಿ."

"ರಿಲೀಫ್ ಡ್ರೈವರನ್ನ ಡಿಪೋ ಕಳಿಸಿರುತ್ತೆ ಮಾವ. ಇವನನ್ನ ಯಾರು ಕಳ್ಸಿದ್ರು?"

ಅವರು ಪೊಟ್ಟಣವನ್ನು ಎಲ್ಲಿಡಬೇಕು ಎಂದು ತಿಳಿಯದವರಂತೆ ಕೈ ಬದಲಿಸಿದರು. ಆಮೇಲೆ ಮೆಲ್ಲಗೆ, "ಕೋಡ್ ಆಟಕ್ಕೇ ಬಂದಿರಬೌದಲ್ವಾ? ನಿನ್ ಮೇಲ್ ಅಡ್ರೆಸ್ಸಲ್ಲೇ ತಾನೇ ತಗೊಂಡಿದ್ದು?" ಎಂದರು.

ಅದು ಸುಳ್ಳಲ್ಲ. ಮೆಸೇಜಿನಲ್ಲಿ ಯಾವುದಕ್ಕೆ ಎಂದು ಸ್ಪಷ್ಟವಾಗಿ ಇರಲಿಲ್ಲ. ಆದರೆ ಬ್ರೌಸರಿನ ಫೋಲ್ಡರಿನಲ್ಲಿ ಅವನಿಗೇನು ಕೆಲಸ?

ನಾನು ಫೋನಿನ ಡೇಟಾ ಹಾಕಿಕೊಂಡು ಒಂದೊಂದಾಗಿ ಪಾಸ್‌ವರ್ಡ್ ಬದಲಿಸತೊಡಗಿದೆ. ಮೊದಲು ಮೇಲ್. ಅದೊಂದು ಸಿಕ್ಕರೆ ಉಳಿದ ಬಾಗಿಲುಗಳನ್ನೆಲ್ಲ ಅಲ್ಲಿಂದಲೇ ತೆರೆಯಬಹುದು. ಹಸಿರು ಪಟ್ಟಿ ಎಲ್ಲಿಯವರೆಗೆ ತುಂಬಿತ್ತು? ಅರ್ಧವೋ? ಮುಕ್ಕಾಲೋ? ವೈರ್ ಕೀಳುವಾಗ ನಾನು ಹಾಲ್‌ನಲ್ಲಿದ್ದೆ, ಪರದೆ ಕೋಣೆಯಲ್ಲಿತ್ತು.

ಅಷ್ಟರಲ್ಲಿ ಕೋಣೆಯಿಂದ ಬಸ್ಸಿನ ಎಂಜಿನ್ ಸದ್ದು ಕೇಳಿಸಿತು. ಮಾವ ಇಂಟರ್ನೆಟ್ ಇಲ್ಲದೆಯೇ ಆಟ ತೆರೆದಿದ್ದರು.

"ಬಂದೈತೆ! ಬಂದೈತೆ ಕಣೇ, ಕೋಗಿಲು ಕ್ರಾಸು!"

ಅತ್ತೆ ಓಡಿ ಹೋಗಿ ನೋಡಿದರು. ನಾನೂ ಹೋದೆ. ಸಿಗ್ನಲ್ಲಿತ್ತು, ಮರವಿತ್ತು, ಮರದ ಕೆಳಗೆ ಜನ ನಿಂತಿದ್ದರು. ಅವನು ಹೇಳಿದ ಕೆಲಸವನ್ನು ಚೊಕ್ಕವಾಗಿ ಮಾಡಿದ್ದ. ಅದಕ್ಕೇ ನನಗೆ ಇನ್ನೂ ಹೆದರಿಕೆಯಾಯಿತು. ಏನೂ ಬಾರದ ಮೋಸಗಾರನಾಗಿದ್ದರೆ ಮನಸ್ಸಿಗೆ ಹಗುರವಾಗುತ್ತಿತ್ತು.

"ಕೆಲ್ಸ ಮಾಡವ್ನೆ ನೋಡು" ಎಂದರು ಮಾವ. ಆದರೆ ನನ್ನ ಕಡೆ ತಿರುಗಲಿಲ್ಲ.

ಮರುದಿನ ಬೆಳಿಗ್ಗೆ ಅವನ ಮೆಸೇಜ್ ಬಂತು. ಮಾವ ತಾವಾಗಿಯೇ ಫೋನ್ ತಂದು ನನಗೆ ತೋರಿಸಿದರು. "ಅಂಕಲ್, ಮಧ್ಯದಲ್ಲಿ ಕಟ್ ಆಯ್ತು. ಇನ್ನೊಂದ್ ಚೂರು ಕೆಲ್ಸ ಇದೆ. ಹೊಸ ನಂಬರ್ ಕಳ್ಸಿ."

"ಬ್ಲಾಕ್ ಮಾಡಿ ಮಾವ."

"ತಾಳು. ಅನ್ಯಾಯವಾಗಿ ಒಬ್ಬನ್ನ ಕಳ್ಳ ಅನ್ಬಾರ್ದು." ಕನ್ನಡಕ ಏರಿಸಿಕೊಂಡು, ಒಂದೊಂದೇ ಅಕ್ಷರ ಒತ್ತಿ ಬರೆದರು: ಕೆಲಸ ಮುಗಿದಿದೆಯಪ್ಪ, ಮ್ಯಾಪ್ ಬಂತು. ಇನ್ನೇನು ಕೆಲಸ ಉಳಿದಿದೆ? ನಿಮ್ಮಪ್ಪನ ಹೆಸರೇನು, ಯಾವ ರೂಟು? ನಾನು ಅವರ ಜೊತೆ ಮಾತಾಡುತ್ತೇನೆ.

ಓದಿದ ಗುರುತು ಬಂತು. ಏನೋ ಟೈಪ್ ಮಾಡುತ್ತಿದ್ದಾನೆ ಎಂದು ತೋರಿಸಿತು, ನಿಂತಿತು, ಮತ್ತೆ ತೋರಿಸಿತು. ಉತ್ತರ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವನ ಫೋಟೊ ಮಾಯವಾಗಿತ್ತು, ಗುಂಪಿನಲ್ಲೂ ಅವನಿರಲಿಲ್ಲ. ಕಳ್ಳನಾಗಿದ್ದರಿಂದ ಹೋದನೋ, ಅನುಮಾನಪಟ್ಟರೆಂದು ನೊಂದು ಹೋದನೋ ಎಂದು ಮಾವ ಎರಡು ದಿನ ಅದನ್ನೇ ಹೇಳುತ್ತಿದ್ದರು. ಆಮೇಲೆ ಆ ಅಪ್ಲಿಕೇಷನ್ನನ್ನು ತೆಗೆಸಲು ನನ್ನನ್ನೇ ಕರೆದರು. ನಾನು ಅಷ್ಟಕ್ಕೆ ಬಿಡದೆ, ಗೊತ್ತಿದ್ದವರಲ್ಲಿಗೆ ಒಯ್ದು ಕಂಪ್ಯೂಟರನ್ನೇ ಪೂರ್ತಿ ಅಳಿಸಿ ಹೊಸದಾಗಿ ಮಾಡಿಸಿದೆ. ದಾರಿಯನ್ನು ಮಾತ್ರ ಮೊದಲೇ ತೆಗೆದಿಟ್ಟುಕೊಂಡಿದ್ದೆವು.

ತಿಂಗಳುಗಳು ಕಳೆದಿವೆ. ಏನೂ ಕಳೆದುಹೋಗಿಲ್ಲ, ಅಥವಾ ಕಳೆದುಹೋದದ್ದು ನಮಗಿನ್ನೂ ತಿಳಿದಿಲ್ಲ. ಬಸ್ಸಿನಲ್ಲಿ ಪಕ್ಕದವರು ಫೋನ್ ನೋಡುತ್ತಿದ್ದರೆ ಅವರ ಬೆರಳು ನೋಡುತ್ತೇನೆ. ದನಿ ಮೃದುವಾಗಿ ಯಾರಾದರೂ ಸಹಾಯಕ್ಕೆ ಬಂದರೆ ಮೊದಲು ಹೆಜ್ಜೆ ಹಿಂದೆ ಹೋಗುತ್ತದೆ.

ಹೋದ ವಾರ ಅಡುಗೆಮನೆಯಲ್ಲಿದ್ದಾಗ ಫೋನ್ ನಡುಗಿತು. ಯಾರೋ ನನ್ನ ಮೇಲ್ ತೆರೆಯಲು ಪ್ರಯತ್ನಿಸುತ್ತಿದ್ದಾರೆ, ಬೆಂಗಳೂರಿನಿಂದ. ನೀವೇನಾ ಎಂದು ಕೇಳುತ್ತಿತ್ತು. ಕೆಳಗೆ ಹೌದು, ಅಲ್ಲ ಎಂಬ ಎರಡು ಗುಂಡಿ.

"ಮಾವ, ಕಂಪ್ಯೂಟರಲ್ಲಿ ನನ್ನ ಮೇಲ್ ಓಪನ್ ಮಾಡ್ತಿದ್ದೀರಾ?" ಎಂದು ಅಲ್ಲಿಂದಲೇ ಕೂಗಿದೆ.

ಎಂಜಿನ್ ಸದ್ದಿನ ನಡುವೆ ಅವರ ಉತ್ತರ ಬಂತು. "ನಾನ್ ಎಬ್ಬಾಳದಲ್ಲಿದ್ದೀನಿ ಕಣಮ್ಮ! ಸಿಗ್ನಲ್ ಬಿಟ್ಟೈತೆ!"

ಒಲೆ ಆರಿಸಿದೆ. ಕೈಯನ್ನು ಸೀರೆಗೆ ಒರೆಸಿಕೊಂಡು, 'ಅಲ್ಲ' ಎಂಬುದನ್ನು ಒತ್ತಿದೆ.