ಎಡಭಾಗ ಕರಗಿದ ಚಿತ್ರಗಳು

ನಿನ್ನ ಕೈ ನಡುಗುತ್ತಿರಲಿಲ್ಲ, ಹುಲಿಗೆಮ್ಮ. ಆಗಲೂ ಇಲ್ಲ, ಈಗಲೂ ಇಲ್ಲ. ನಿನ್ನ ಕ್ಯಾಮರಾದ ಲೆನ್ಸನ್ನು ನಾನು ಬೀಳಿಸಿದ್ದೆ. ಅದು ಕೆಟ್ಟಿತ್ತು. ಕೆಟ್ಟದ್ದು ನನಗೆ ಗೊತ್ತಿತ್ತು. ಗೊತ್ತಿದ್ದೇ ತಪ್ಪನ್ನು ನಿನ್ನ ಕೈಗಳ ಮೇಲೆ ಹಾಕಿದೆ.

ನಾಲ್ಕು ವರ್ಷಗಳಲ್ಲಿ ಈ ಆರು ವಾಕ್ಯಗಳನ್ನು ಎಷ್ಟೋ ಸಲ ಬರೆದು ಹರಿದಿದ್ದೇನೆ. ಪ್ರತಿ ಸಲವೂ ಏಳನೆಯ ವಾಕ್ಯ 'ಆದರೆ' ಎಂದು ಶುರುವಾಗುತ್ತಿತ್ತು. ಈ ಸಲ ಆ ಪದ ಬೇಡ.

ನಾವಿಬ್ಬರೂ ರಾಯಚೂರಿನಲ್ಲಿ ಎಂ.ಎಸ್ಸಿ. ಓದುತ್ತಿದ್ದ ಕಾಲ. ಒಂದೇ ಹಾಸ್ಟೆಲ್ ಕೋಣೆ, ಒಂದೇ ಹುಚ್ಚು. ದೀಪ ಹತ್ತಿದ ಮೇಲೆ, ಹಾಸ್ಟೆಲಿನ ಗೇಟು ಮುಚ್ಚುವ ಮೊದಲು ಸಿಗುತ್ತಿದ್ದ ಒಂದೂವರೆ ಗಂಟೆಯಲ್ಲಿ ಬೀದಿಯ ಚಿತ್ರ ತೆಗೆಯುವುದು. ನಾನು ಪುಸ್ತಕ ಓದಿ ಕಲಿತವಳು. ಗೋಡೆಗೆ ಭುಜ ಒರಗಿಸಬೇಕು, ಉಸಿರು ಪೂರ್ತಿ ಬಿಟ್ಟು, ಮುಂದಿನ ಉಸಿರು ಎಳೆಯುವ ಮೊದಲು ಗುಂಡಿ ಒತ್ತಬೇಕು — ಇವೆಲ್ಲ ನಾನು ನಿನಗೆ ಹೇಳಿಕೊಟ್ಟದ್ದು. ಯಾವ ಮನುಷ್ಯ ಯಾವ ಕ್ಷಣದಲ್ಲಿ ತಡೆದು ನಿಲ್ಲುತ್ತಾನೆ ಎಂಬುದು ನಿನಗೆ ಮೊದಲೇ ಗೊತ್ತಿರುತ್ತಿತ್ತು. ಅದು ಯಾವ ಪುಸ್ತಕದಲ್ಲೂ ಇರಲಿಲ್ಲ.

ಸ್ಟೇಷನ್ ರೋಡಿನ ಬಜ್ಜಿಯವನು ನಿನ್ನನ್ನು ಕಂಡರೆ ಕೂಗುತ್ತಿದ್ದ: "ಬಂದ್ಲಪ್ಪಾ ಫೋಟೋದಾಕಿ! ತಡಿಯವ್ವಾ, ಮೆಣಸಿನಕಾಯಿಗಿ ಒಂಚೂರು ಪೌಡರ್ ಹಚ್ಚತೀನಿ." ನೀನು, "ಮೆಣಸಿನಕಾಯಿ ಚಂದನ ಅದಾವ, ನಿನ್ ಮಾರಿಗಿ ಹಚ್ಕೋ ಕಾಕಾ," ಎನ್ನುತ್ತಿದ್ದೆ. ಅವನು ನಕ್ಕು, ನಗು ಮುಗಿದು, ಎಣ್ಣೆ ಕಾದಿದೆಯೇ ಎಂದು ಬಾಗುವ ಆ ಒಂದು ಗಳಿಗೆ — ಅಲ್ಲಿ ನೀನು ಒತ್ತುತ್ತಿದ್ದೆ. ನನ್ನನ್ನು ಯಾರೂ ಹಾಗೆ ಕೂಗಲಿಲ್ಲ.

ತೀನ್ ಕಂದಿಲ್ ಚೌಕದ ಬಳಿ ನೀನು ತೆಗೆದ ಬಳೆ ಅಂಗಡಿಯ ಚಿತ್ರ ನೆನಪಿದೆಯೇ? ಸುತ್ತಲಿನ ಜನವೆಲ್ಲ ಹೊಗೆಯಂತೆ ಸರಿದಿದ್ದಾರೆ. ಬಳೆಗಾರನ ಹಿಡಿಯಲ್ಲಿ ಕೈ ಸಿಕ್ಕಿಸಿಕೊಂಡು ನೋವಿಗೆ ಕಣ್ಣು ಮುಚ್ಚಿದ ಆ ಹೆಂಗಸಿನ ಒಂದೊಂದು ರೆಪ್ಪೆಯೂ ಬಿಡಿಬಿಡಿಯಾಗಿ ಕಾಣುತ್ತದೆ. ಅದನ್ನು ನೋಡಿದ ದಿನ ನಾನು ತಲೆನೋವೆಂದು ಹೇಳಿ ನಿನ್ನ ಜೊತೆ ಊಟಕ್ಕೆ ಬರಲಿಲ್ಲ. ತಲೆನೋವಿರಲಿಲ್ಲ.

ಆ ಚಳಿಗಾಲದಲ್ಲೇ ಒಂದು ಸಂಸ್ಥೆ ನಮ್ಮ ಜಿಲ್ಲೆಯಿಂದ ಒಬ್ಬರನ್ನು ಆರಿಸಿ, ವರ್ಷವಿಡೀ ರಾತ್ರಿಯ ಬೀದಿಗಳ ಮೇಲೆ ಕೆಲಸ ಮಾಡುವ ಅವಕಾಶ ಕೊಡುವುದಾಗಿ ಹೇಳಿತು. ಒಬ್ಬರನ್ನು ಮಾತ್ರ. ದೇವದುರ್ಗಕ್ಕೆ ಹೋಗಿ ಚಿತ್ರ ತೆಗೆದು ಬರುತ್ತೇನೆಂದು ನಾನು ನಿನ್ನ ಲೆನ್ಸನ್ನು ಕೇಳಿದೆ. ಅದು ನಿನ್ನಣ್ಣ ಅಮರೇಶ ಮಾನ್ವಿಯ ತನ್ನ ಸ್ಟುಡಿಯೋದಿಂದ ನಿನಗೆ ಕೊಟ್ಟದ್ದು. ನಿನ್ನ ಬಳಿ ಇದ್ದದ್ದು ಅದೊಂದೇ. ನೀನು ನಿನ್ನ ಓಢಣಿಯಲ್ಲಿ ಸುತ್ತಿ ಕೊಟ್ಟೆ.

ದೇವದುರ್ಗದ ಬಸ್ ನಿಲ್ದಾಣದಲ್ಲಿ ಕಟ್ಟೆ ಹತ್ತುವಾಗ ಅದು ಚೀಲದಿಂದ ಜಾರಿ ಕಲ್ಲಿನ ಮೆಟ್ಟಿಲ ಮೇಲೆ ಬಿತ್ತು. ಹೊರಗೆ ಒಂದು ಗೀರೂ ಇಲ್ಲ. ಒಳಗೆ ಯಾವುದೋ ಗಾಜು ಕೂದಲೆಳೆಯಷ್ಟು ಜರುಗಿತ್ತು. ಆ ಕತ್ತಲಲ್ಲೇ ಬಸ್ಸಿನ ಬೋರ್ಡಿನ ಚಿತ್ರ ತೆಗೆದು ನೋಡಿದೆ. ಬಲಗಡೆಯ ಅಕ್ಷರಗಳು ಸ್ಪಷ್ಟ, ಎಡಗಡೆಯವು ಕರಗಿ ಹೋಗಿದ್ದವು. ಮರುದಿನ ಶಕ್ತಿನಗರದ ನಮ್ಮ ಮನೆಯಂಗಳದಲ್ಲಿ ಬಿಸಿಲಿನಲ್ಲಿ ತೆಗೆದಾಗ ದೋಷವೇ ಕಾಣಲಿಲ್ಲ. ಬೆಳಕು ಹೆಚ್ಚಿದ್ದಾಗ ಲೆನ್ಸಿನ ಕಿಂಡಿ ಕಿರಿದಾಗಿ ತಪ್ಪನ್ನು ಮುಚ್ಚುತ್ತದೆ. ರಾತ್ರಿ ಕಿಂಡಿಯನ್ನು ಪೂರ್ತಿ ತೆರೆದಾಗ ಮಾತ್ರ ಅದು ಬಯಲಿಗೆ ಬರುತ್ತದೆ.

ಹಾಗಾಗಿ ಹಗಲಿನಲ್ಲಿ ನಿನಗೆ ಮರಳಿಸಿದೆ. ಅದನ್ನೂ ಯೋಚಿಸಿಯೇ ಮಾಡಿದ್ದೆ.

ಮೊದಲ ವಾರ ಬರೀ ಭಯವಿತ್ತು. ನಿನ್ನ ಚಿತ್ರಗಳು ಮಸುಕಾಗುತ್ತ ಹೋದ ಹಾಗೆ ಭಯದ ಜಾಗಕ್ಕೆ ಬೇರೆಯದೊಂದು ಬಂತು — ಅದಕ್ಕೆ ನಾನು ಈವರೆಗೆ ಹೆಸರಿಟ್ಟಿರಲಿಲ್ಲ. ಸಂತೋಷ. ಅದು ಸಂತೋಷವೇ ಆಗಿತ್ತು.

ಮಾನ್ವಿಗೆ ಒಯ್ದು ಅಣ್ಣನಿಗೆ ತೋರಿಸಿದೆ ನೀನು. ಅವನು ಸ್ಟುಡಿಯೋದ ಬೆಳಕಿನಲ್ಲಿ ತೆಗೆದು ನೋಡಿ, "ಲೆನ್ಸ್ ಛಲೋ ಅದಬೇ, ನಿಂದ ಏನರ ತಪ್ಪಾಗಾಕತ್ತದ ನೋಡ್ಕೋ," ಎಂದನಂತೆ. ಮರಳಿ ಬಂದು ನನ್ನನ್ನು ಕೇಳಿದೆ. ನಿನ್ನ ಅವ್ವನ ಕೈಗಳ ನಡುಕದ ವಿಷಯ ನನ್ನೊಬ್ಬಳಿಗೇ ಹೇಳಿದ್ದೆ. ಮೊದಲು ಕೊಡ ಕೈಜಾರಿದ್ದು, ಓಣಿಯ ಹುಡುಗರು 'ಜೋಕಾಲಿ ಕೈ' ಎಂದು ಅಣಕಿಸಿದ್ದು, ಕೊನೆಯಲ್ಲಿ ನೀನೇ ತುತ್ತು ಮಾಡಿ ಉಣಿಸಿದ್ದು. ಅದೆಲ್ಲ ನೆನಪಿಟ್ಟುಕೊಂಡೇ ನಾನು ಬಾಯಿ ತೆರೆದೆ.

"ಹಗಲಾಗ ಛಲೋ ಬರ್ತಾವಲ್ಲ. ಹುಲಿಗಿ, ಬ್ಯಾಸರ ಮಾಡ್ಕೋಬ್ಯಾಡ. ನಿನ್ ಕೈ ನಡಗತಾವ."

ಕೈ ನಡುಗಿದರೆ ಇಡೀ ಚಿತ್ರ ಒಂದೇ ದಿಕ್ಕಿಗೆ ಎಳೆದಂತಾಗುತ್ತದೆ. ನಿನ್ನ ಚಿತ್ರಗಳಲ್ಲಿ ಕರಗುತ್ತಿದ್ದದ್ದು ಎಡಭಾಗ ಮಾತ್ರ. ಎರಡನ್ನು ಪಕ್ಕಪಕ್ಕ ಇಟ್ಟರೆ ಯಾರಿಗಾದರೂ ತಿಳಿಯುತ್ತಿತ್ತು. ಪುಸ್ತಕ ಓದಿದವಳು ನಾನು ಎಂದು ನೀನು ನನ್ನ ಮಾತನ್ನು ನಂಬಿದೆ.

ಆದರೂ ನೀನು ಸುಲಭಕ್ಕೆ ಒಪ್ಪಲಿಲ್ಲ. ಒಂದು ಸಂಜೆ ಸ್ಟೇಷನ್ ರೋಡಿನಲ್ಲಿ, ಮುಚ್ಚಿದ ಅರಿವೆ ಅಂಗಡಿಯೆದುರು, "ಕ್ಯಾಮರಾ ಗ್ವಾಡಿ ಮ್ಯಾಲ ಇಟ್ಟು ತಗಿಯೋಣು. ಕೈ ಮುಟ್ಟಂಗೇ ಇಲ್ಲ. ಖರೇ ತಿಳೀತದ," ಎಂದೆ. ಸರಿಯಾದ ಪರೀಕ್ಷೆ ಅದು. ಅದೊಂದೇ ನಿನ್ನನ್ನು ಉಳಿಸಬಹುದಿತ್ತು.

"ತಾ, ನಾ ಇಡ್ತೀನಿ," ಎಂದೆ ನಾನು. ಗೋಡೆಯ ಮೇಲೆ ಇಡುವಾಗ ನಿನಗೆ ಬೆನ್ನು ತಿರುಗಿಸಿ ಕಿಂಡಿಯನ್ನು ಕಿರಿದು ಮಾಡಿದೆ, ಬೆಳಕು ಒಳಬರುವ ಸಮಯವನ್ನು ಹೆಚ್ಚಿಸಿದೆ. ಟೈಮರ್ ಇಟ್ಟಿದ್ದರಿಂದ ಕ್ಯಾಮರಾ ತಾನೇ ಚಿತ್ರ ತೆಗೆದುಕೊಂಡಿತು. ಈ ತುದಿಯಿಂದ ಆ ತುದಿಯವರೆಗೆ ಎದುರಿನ ಅಂಗಡಿಯ ಒಂದೊಂದು ಇಟ್ಟಿಗೆಯೂ ಚೂಪಾಗಿ ಬಂತು.

"ನೋಡು," ಎಂದೆ. "ನಿನ್ ಕೈ ಇಲ್ದಾಗ ಎಷ್ಟ್ ಚಂದ ಬಂದದ."

ನೀನು ಚಿತ್ರವನ್ನು ನೋಡಲಿಲ್ಲ. ಎರಡೂ ಕೈಗಳನ್ನು ಬೀದಿದೀಪಕ್ಕೆ ಹಿಡಿದು ನೋಡಿಕೊಂಡೆ. ಅವು ಅಲುಗಲಿಲ್ಲ — ನಾನೂ ನೋಡಿದೆ. "ಯವ್ವಗೂ ಹಿಂಗ ಕತ್ತಲಾದ ಮ್ಯಾಲನ ಸುರುವಾಗಿತ್ತು," ಎಂದು ಅವನ್ನು ಓಢಣಿಯೊಳಗೆ ಎಳೆದುಕೊಂಡೆ.

ನೀನು ಅರ್ಜಿ ಹಾಕಲಿಲ್ಲ. ನಾನು ಆಯ್ಕೆಯಾದೆ. ವರ್ಷದ ಕೊನೆಗೆ ರಾಯಚೂರಿನಲ್ಲಿ ನನ್ನ ಚಿತ್ರಗಳ ಪ್ರದರ್ಶನವಿಟ್ಟು ನನ್ನಿಂದ ಮಾತಾಡಿಸಿದಾಗ ನೀನು ಬಂದಿದ್ದೆ, ಮೂರನೆಯ ಸಾಲಿನಲ್ಲಿ ಕೂತಿದ್ದೆ. ರಾತ್ರಿ ಇಷ್ಟು ಸ್ಪಷ್ಟವಾಗಿ ಹೇಗೆ ಬರುತ್ತದೆ ಎಂದು ಯಾರೋ ವಿದ್ಯಾರ್ಥಿನಿ ಕೇಳಿದಳು. "ಕೈ ಅಲುಗಬಾರದು, ಅಷ್ಟೇ," ಎಂದೆ. ಜನ ನಕ್ಕರು. ನೀನೂ ನಕ್ಕೆ.

ಕಳೆದ ತಿಂಗಳು ಬಾಗಲವಾಡದ ನಿಮ್ಮ ಮನೆಗೆ ಬಂದದ್ದು ಎಲ್ಲವನ್ನೂ ಹೇಳಲೆಂದು. ನೀನು ಚಹಾ ತಂದುಕೊಟ್ಟೆ. ತುಂಬಿದ ಕಪ್ಪು, ಒಂದು ಹನಿ ತುಳುಕಲಿಲ್ಲ. ಅಮರೇಶನ ಮಗು ಅಂಬೆಗಾಲಿಟ್ಟು ಬಂದು ನಿನ್ನ ಸೀರೆ ಹಿಡಿದು ಎದ್ದು ನಿಂತಿತು, ಎತ್ತಿಕೋ ಎಂದು ಎರಡೂ ಕೈ ಚಾಚಿತು. ನೀನು ನೆಲಕ್ಕೆ ಕೂತು ಅದನ್ನು ಮಡಿಲಿಗೆ ಎಳೆದುಕೊಂಡೆ. ಆಗಲೂ ಅತ್ತಿಗೆ ಒಲೆಯ ಮುಂದಿನಿಂದ ಓಡಿಬಂದಳು. "ಕೊಡ್ರಿ, ನನ್ ಕೈಯಾಗ ಕೊಡ್ರಿ." ನಿನಗೆ ಸಿಟ್ಟು ಬರಲಿಲ್ಲ. "ಆಕಿ ಅಂಜಿಕಿ ಆಕಿಗಿ," ಎಂದೆ ನನ್ನ ಕಡೆ ತಿರುಗಿ. "ಖರೇನ ಅಲ್ಲೇನು? ನನ್ ಕೈ ನಾನೇ ನಂಬಂಗಿಲ್ಲ." ನೋಡಲು ಬಂದ ವರನನ್ನೂ ಹಾಗೆಯೇ ಹೇಳಿ ಕಳಿಸಿದೆಯಂತೆ — ಮುಚ್ಚಿಟ್ಟು ಮದುವೆಯಾಗುವುದು ತಪ್ಪು ಎಂದು.

ನಾನು ಚಹಾ ಕುಡಿದೆ. ಬಿಸಿ ಸಾಕಾಗಿದೆ ಎಂದೆ. ಐದು ಗಂಟೆಯ ಬಸ್ಸಿಗೆ ಹೊರಟುಬಂದೆ.

ಕ್ಷಮೆ ಕೇಳುತ್ತಿಲ್ಲ. ಆ ಸಂಸ್ಥೆಗೆ ಇವೆಲ್ಲವನ್ನೂ ಬರೆದು ಕಳಿಸಿದ್ದೇನೆ, ಅದರಿಂದ ನಿನಗೇನೂ ಮರಳಿ ಬರುವುದಿಲ್ಲ ಎಂದು ಗೊತ್ತಿದ್ದೂ. ನಿನಗೊಬ್ಬಳಿಗೇ ಗುಟ್ಟಾಗಿ ಹೇಳಿದರೆ ಸಾಲದು. ನನ್ನ ಮಾತನ್ನು ನಂಬಿದ್ದು ನಿನ್ನ ಇಡೀ ಮನೆ. ಭಾನುವಾರ ಮತ್ತೆ ಬಾಗಲವಾಡಕ್ಕೆ ಬರುತ್ತೇನೆ, ಅಣ್ಣ ಅತ್ತಿಗೆ ಇಬ್ಬರೂ ಮನೆಯಲ್ಲಿರುವ ಹೊತ್ತಿಗೆ. ಅವರೆದುರೇ, ನಿಂತುಕೊಂಡೇ ಹೇಳುತ್ತೇನೆ. ಆಮೇಲೆ ನೀನು ನನಗೆ ಕೂರು ಎನ್ನಬೇಕಾಗಿಲ್ಲ.