ಹಿಲ್ಮಿಯಾನ ಅಂಗಡಿಯಲ್ಲಿ ಮುಹಾರೆಮ್‌ನ ಮೊದಲ ತುತ್ತು

ಸರಾಯೆವೊ ಪಟ್ಟಣದಲ್ಲಿ ದಾರಿ ಕೇಳಿದರೆ ಒಬ್ಬ ಹೇಳುತ್ತಾನೆ, ಮುಗಿಯಿತು. ಊಟ ಎಲ್ಲಿ ಚೆನ್ನಾಗಿದೆ ಎಂದು ಕೇಳಿನೋಡಿ, ಬೀದಿಯೇ ಎದ್ದು ಬರುತ್ತದೆ. ಒಬ್ಬೊಬ್ಬನೂ ಎರಡೆರಡು ಅಂಗಡಿಯ ಹೆಸರು ಹೇಳಿ ಮೂರು ಅಂಗಡಿಗೆ ಶಾಪ ಹಾಕುತ್ತಾನೆ, ಕೈ ಕೈ ಮಿಲಾಯಿಸುತ್ತಾರೆ, ಸೂರ್ಯ ಮುಳುಗುತ್ತಾನೆ, ಕೇಳಿದವನು ಮಾತ್ರ ಹಸಿದೇ ನಿಂತಿರುತ್ತಾನೆ. ಇಂಥ ಊರಿನಲ್ಲೂ ಎಲ್ಲರೂ ತಲೆಬಾಗುವ ಒಂದು ನಾಲಿಗೆ ಇತ್ತು. ಅದು ಟ್ರಾಮ್ ಓಡಿಸುವ ಮುಹಾರೆಮ್‌ನದು.

ಮುಹಾರೆಮ್‌ನ ಹೊಟ್ಟೆ ಅವನಿಗಿಂತ ಒಂದು ಸ್ಟಾಪು ಮೊದಲೇ ತಲುಪುತ್ತಿತ್ತು. ನದಿಯ ಪಕ್ಕದಲ್ಲೇ ಹೋಗುವ ಹಳದಿ ಟ್ರಾಮು ಅವನದು. ಅದರ ಮೈಕಿನಲ್ಲಿ ಅವನು ಸ್ಟಾಪಿನ ಹೆಸರು ಹೇಳಿ ಸುಮ್ಮನಾದ ದಿನವೇ ಇಲ್ಲ. "ಇಳಿಯೋರು ಇಳೀರಪ್ಪ. ಬಲಗಡೆ ಓಣೀಲಿ ಮುದುಕಿ ಇವತ್ತು ಬೆಂಡೆಕಾಯಿ ಸೂಪು ಇಟ್ಟಿದ್ದಾಳೆ, ಬೇಗ ಹೋಗಿ, ಹನ್ನೆರಡಕ್ಕೆ ಪಾತ್ರೆ ಖಾಲಿ." ಮುಂದಿನ ಸ್ಟಾಪಿನಲ್ಲಿ, "ಇಲ್ಲಿ ಬೂರೆಕ್ ಚೆನ್ನಾಗಿದೆ, ಮಾಂಸ ತುಂಬಿದ ಹಿಟ್ಟಿನ ಸುರುಳಿ, ಕೆಂಡದ ಮುಚ್ಚಳದಡಿ ಬೆಂದದ್ದು. ಪಕ್ಕದವನ ಹತ್ರ ಹೋದ್ರೆ ನನ್ನ ಕೇಳಬೇಡಿ." ಅದರ ಮುಂದಿನದರಲ್ಲಿ, "ಇಲ್ಲಿ ಏನೂ ಇಲ್ಲ. ಹಸಿವಿಲ್ಲದೋರು ಇಳೀಬಹುದು, ಎದುರಿಗೇ ಆಸ್ಪತ್ರೆ ಇದೆ." ಅವನ ಟ್ರಾಮಿನಲ್ಲಿ ಕೂತರೆ ಸಾಕು ತೂಕ ಹೆಚ್ಚುತ್ತದೆ ಎಂಬ ಮಾತು ಊರಲ್ಲಿತ್ತು. ಅದು ಶುದ್ಧ ಸುಳ್ಳು. ಇಳಿದ ಮೇಲೆ ಹೆಚ್ಚುತ್ತಿತ್ತು.

ಇಷ್ಟೆಲ್ಲ ಬಲ್ಲವನು ಚೆವಾಪಿ ವಿಷಯ ಬಂದರೆ ಮಾತ್ರ ಕುರುಡ. ಬೆರಳುದ್ದದ ಮಾಂಸದ ಉರುಳೆಗಳನ್ನು ಇದ್ದಿಲಿನ ಮೇಲೆ ಸುಟ್ಟು, ಹೊಗೆಯುಂಡ ಸೋಮೂನ್ ರೊಟ್ಟಿಯ ಹೊಟ್ಟೆಯೊಳಗೆ ಮಲಗಿಸಿ, ಮಗ್ಗುಲಲ್ಲಿ ಹಸಿ ಈರುಳ್ಳಿ ಸುರಿದು ಕೊಡುವ ಚೆವಾಪಿಯನ್ನು ಆ ಊರಲ್ಲಿ ಯಾರೂ ಮನೆಯಲ್ಲಿ ಮಾಡುವುದಿಲ್ಲ. ಮದುವೆಯಾದವನಿಗೆ ಹೆಂಡತಿ ಹೇಗೋ ಹಾಗೆ, ತಿನ್ನುವವನಿಗೆ ಚೆವಾಪಿ ಅಂಗಡಿಯೂ ಒಂದೇ. ಬದಲಾಯಿಸುವವರು ಇದ್ದಾರೆ, ಆದರೆ ಹಗಲು ಹೊತ್ತು ಬದಲಾಯಿಸುವುದಿಲ್ಲ. ಮುಹಾರೆಮ್‌ನನ್ನು ಅವನ ಅಪ್ಪ ಮೊದಲ ಹಲ್ಲು ಮೂಡಿದ ವಾರವೇ ಹೆಗಲ ಮೇಲೆ ಕೂರಿಸಿಕೊಂಡು ಹಳೇ ಪೇಟೆಯ ರಾಗಿಬ್‌ನ ಅಂಗಡಿಗೆ ಕರೆದುಕೊಂಡು ಹೋಗಿದ್ದ. ಅಂದಿನಿಂದ ಅವನು ರಾಗಿಬ್‌ನವನು. ಕೇಳಿದರೆ, "ನನ್ನ ಪಿತ್ತಕೋಶ ಯಾಕೆ ಬಲಗಡೆ ಇದೆ ಅಂತ ಕೇಳ್ತೀರಾ? ಹಾಗೇ ಇದೂ" ಎನ್ನುತ್ತಿದ್ದ.

ರಾಗಿಬ್‌ನ ಅಂಗಡಿಯ ಎದುರಿನ ಓಣಿಯಲ್ಲಿ ಹಿಲ್ಮಿಯಾನ ಅಂಗಡಿ. ಒಂದು ಸಲ ಉತ್ಸಾಹ ಉಕ್ಕಿ ಮುಹಾರೆಮ್ ಮೈಕಿನಲ್ಲಿ ಅಂದುಬಿಟ್ಟ: "ಎಡಗಡೆ ಓಣೀಲಿ ಚಪ್ಪಲಿ ಹೊಲಿಯೋನು ಇದ್ದಾನೆ. ಅವನ ಪಕ್ಕದಲ್ಲೇ ಹಿಲ್ಮಿಯಾ. ಇಬ್ರಿಗೂ ಚರ್ಮ ಒಂದೇ ಕಡೆಯಿಂದ ಬರುತ್ತೆ." ಇಡೀ ಟ್ರಾಮು ನಕ್ಕಿತು. ಮಾತು ಸಂಜೆಯೊಳಗೆ ಗುಡ್ಡ ಹತ್ತಿ, ಆಚೆ ಕಡೆ ಇಳಿದು, ತಿರುಗಿ ಹಿಲ್ಮಿಯಾನ ಕಿವಿಗೇ ಬಂತು. ಚಪ್ಪಲಿಯವನು ಕೂಡ ಬೇಸರ ಮಾಡಿಕೊಂಡ. ಹಿಲ್ಮಿಯಾ ಜಗಳಕ್ಕೆ ಬರಲಿಲ್ಲ. ಅಷ್ಟೇ ಅಂದ: "ನನ್ನ ಅಂಗಡಿ ಹೊಸ್ತಿಲು ತುಳಿಯದೋನು, ಒಂದು ತುತ್ತು ಬಾಯಿಗಿಡದೋನು ಹೀಗಂದ. ತಿಂದು ಬೈದಿದ್ರೆ ಕಾಲು ಮುಟ್ಟಿ ತಿದ್ದಿಕೊಳ್ತಿದ್ದೆ."

ಇದು ಹಳೆಯ ಮಾತು. ಈಗ ಮುಹಾರೆಮ್‌ನ ಮಗಳು ಸನಿಹಾ ಒಬ್ಬ ಹುಡುಗನನ್ನು ಮನೆಗೆ ಕಾಫಿಗೆ ಕರೆದುಕೊಂಡು ಬಂದಳು. ಹೆಸರು ವೆಹಿದ್. ಹಲ್ಲು ಕಟ್ಟುವ ಕೆಲಸ. ಉಗುರು ಚೊಕ್ಕ, ಮಾತು ಮೆತ್ತಗೆ. ಮುಹಾರೆಮ್ ಸಂಬಳ ಕೇಳಲಿಲ್ಲ, ಮನೆ ಕೇಳಲಿಲ್ಲ. ಅಂಗೈಯಲ್ಲಿ ಕಾಫಿಯ ಪುಟ್ಟ ಬಟ್ಟಲು ಹಿಡಿದುಕೊಂಡು ಅಸಲು ವಿಷಯಕ್ಕೇ ಬಂದ.

"ಚೆವಾಪಿ ಎಲ್ಲಿ ತಿಂತೀಯಪ್ಪ?"

ವೆಹಿದ್ ಸನಿಹಾಳ ಮುಖ ನೋಡಿದ. ಸನಿಹಾ ಸೂರು ನೋಡಿದಳು. ಮುಹಾರೆಮ್‌ನ ಹೆಂಡತಿ ಫಾದಿಲಾ ಸಕ್ಕರೆ ತರುವ ನೆಪದಲ್ಲಿ ಎದ್ದಳು, ಸಕ್ಕರೆ ಎದುರಿಗೇ ಇತ್ತು.

"ಅಪ್ಪನ ಅಂಗಡೀಲಿ" ಅಂದ ಹುಡುಗ.

"ಯಾವ ಅಪ್ಪ?"

"ನಮ್ಮಪ್ಪ. ಹಿಲ್ಮಿಯಾ."

ಆ ಹೊತ್ತಿಗೆ ನದಿ ಅರೆಗಳಿಗೆ ಹಿಮ್ಮುಖವಾಗಿ ಹರಿಯಿತೆಂದು ಕೆಳಮನೆಯವರು ಈಗಲೂ ಹೇಳುತ್ತಾರೆ. ಮುಹಾರೆಮ್ ಬಟ್ಟಲು ಕೆಳಗಿಟ್ಟ. ಮೂಗು ಮುಂದೆ ಚಾಚಿ ಹುಡುಗನ ಕೋಟನ್ನು ಮೂಸಿದ. ಹೌದು, ಎಡಗಡೆ ಓಣಿಯ ಹೊಗೆ.

"ಫಾದಿಲಾ, ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಮಾರಾಯ. ಮೊದಲೇ ಹೇಳಿದ್ರೆ ಕಾಫೀನೂ ಕೊಡಿಸ್ತಿರಲಿಲ್ಲ ನೀನು. ಹುಡುಗ ಚಿನ್ನ. ಹೊಗೆ ಕೋಟಿಗಂಟಿದೆ, ರಕ್ತಕ್ಕಲ್ಲ. ಒಗೆದ್ರೆ ಹೋಗುತ್ತೆ."

ಮೂರು ದಿನ ಮುಹಾರೆಮ್ ಯಾವ ಸ್ಟಾಪಿನಲ್ಲೂ ಊಟದ ಮಾತೆತ್ತಲಿಲ್ಲ. ಜನ ದಿಕ್ಕು ತಪ್ಪಿ ಸಿಕ್ಕ ಸಿಕ್ಕಲ್ಲಿ ತಿಂದು ಹೊಟ್ಟೆ ಕೆಡಿಸಿಕೊಂಡರು. ಕೊನೆಗೆ ಅವನೇ ಮೆತ್ತಗಾದ. ಮಗಳ ಮುಖ ಅಂಥದ್ದು; ನಕ್ಕರೆ ಟ್ರಾಮಿನ ಬ್ರೇಕು ತಾನೇ ಹಿಡಿಯುತ್ತಿತ್ತು. ಸರಿ, ಮದುವೆ ಆಗಲಿ ಅಂದ. ಅಷ್ಟರಲ್ಲಿ ಹಿಲ್ಮಿಯಾ ಹೇಳಿ ಕಳಿಸಿದ: ಹುಡುಗಿ ನಮಗೆ ಒಪ್ಪಿಗೆ. ಆದರೆ ನಮ್ಮ ಉಪ್ಪು ತಿನ್ನದವರನ್ನು ಬೀಗರು ಅನ್ನುವ ಪದ್ಧತಿ ನಮ್ಮಲ್ಲಿಲ್ಲ. ಭಾನುವಾರ ಮಧ್ಯಾಹ್ನ ಅಂಗಡಿಗೆ ಬರಲಿ. ತಿನ್ನಲಿ. ತಿಂದು ಹೇಗಿದೆ ಅಂತ ನಾಲ್ಕು ಜನರ ಮುಂದೆ ಬಾಯಿಬಿಟ್ಟು ಹೇಳಲಿ. ಆಮೇಲೆ ಮದುವೆಯ ಮಾತು.

ಮುಹಾರೆಮ್ ಕುರ್ಚಿಯಿಂದ ಮೇಲೆದ್ದ. "ಮಗಳನ್ನ ಕೊಡ್ತೀನಿ, ಬಾಯಿ ಕೊಡಲ್ಲ!"

"ಬಾಬೊ," ಎಂದಳು ಸನಿಹಾ, ಅಪ್ಪನನ್ನು ಅವಳು ಹಾಗೇ ಕರೆಯುವುದು. "ನಾನು ಅಳೋದಿಲ್ಲ. ನೀನು ಹೋಗದಿದ್ರೆ ಅವರಪ್ಪ ಒಪ್ಪಲ್ಲ, ಅವರಪ್ಪ ಒಪ್ಪದಿದ್ರೆ ವೆಹಿದ್ ಮದುವೆಗೆ ಬರಲ್ಲ, ಅವನು ಅಂಥಾ ಅಪ್ಪನ ಮಗ. ಆಗ ನಾನು ಒಬ್ಬಳೇ ಇರ್ತೀನಿ ಈ ಮನೇಲಿ. ದಿನಾ ರಾತ್ರಿ ಪಿಜ್ಜಾ ತರಿಸಿಕೊಂಡು ತಿಂತೀನಿ. ನಿನ್ನ ಎದುರಿಗೇ."

ಫಾದಿಲಾ ಗೋಡೆ ಹಿಡಿದುಕೊಂಡಳು. "ಅಯ್ಯೋ ಹಂಗೆಲ್ಲ ಅನ್ನಬೇಡ್ವೇ, ಅಕ್ಕಪಕ್ಕದೋರು ಕೇಳಿಸ್ಕೊಂಡಾರು!"

ಅತ್ತ ದರಿ, ಇತ್ತ ಪುಲಿ. ಚೆನ್ನಾಗಿದೆ ಅಂದರೆ ಜೀವಮಾನದ ನಿಷ್ಠೆ ಮಣ್ಣುಪಾಲು, ರಾಗಿಬ್‌ನ ಮುಖ ನೋಡುವುದು ಹೇಗೆ? ಚೆನ್ನಾಗಿಲ್ಲ ಅಂದರೆ ಮಗಳ ಬಾಳು ಈರುಳ್ಳಿ ಪಾಲು. ಸುಳ್ಳು ಹೇಳೋಣವೆಂದರೆ ಊಟದ ವಿಷಯದಲ್ಲಿ ಅವನ ನಾಲಿಗೆ ಸುಳ್ಳಿಗೆ ಹೊರಳುತ್ತಿರಲಿಲ್ಲ. ಅತ್ತೆಯ ಮನೆಯ ಮೊದಲ ಊಟದಲ್ಲೇ ಎಲೆಯಲ್ಲಿ ಸುತ್ತಿ ಬೇಯಿಸಿದ ದೊಲ್ಮಾಗೆ ಹುಳಿ ಸಾಲದೆಂದು ಹೇಳಿ ಬಾಗಿಲ ಹೊರಗೆ ಕೂತವನು ಅವನು.

ಶನಿವಾರ ಬೆಳಿಗ್ಗೆ ರಾಗಿಬ್‌ನ ಹತ್ತಿರ ಅಪ್ಪಣೆ ಕೇಳಲು ಹೋದ. ರಾಗಿಬ್‌ಗೆ ಎಂಬತ್ತು ದಾಟಿತ್ತು. ಹುಬ್ಬು ಇದ್ದಿಲಿಗೆ ಸುಟ್ಟು ಎಷ್ಟೋ ವರ್ಷವಾಗಿತ್ತು. ಬೀಸಣಿಗೆಯಿಂದ ಕೆಂಡಕ್ಕೆ ಗಾಳಿ ಹಾಕುತ್ತಾ ಎಲ್ಲವನ್ನೂ ಕೇಳಿಸಿಕೊಂಡ.

"ರಾಗಿಬ್ ಅಣ್ಣ, ನೀವು ಬೇಡ ಅಂದ್ರೆ ನಾಳೆ ಕಾಲು ಮುರ್ಕೊಂಡು ಮಲಗಿಬಿಡ್ತೀನಿ. ಟ್ರಾಮು ಹತ್ತಿಸ್ಕೋತೀನಿ ಕಾಲಿನ ಮೇಲೆ."

"ನಿನ್ನ ಕಾಲಿನ ಮೇಲೆ ಹತ್ತಿದ್ರೆ ಟ್ರಾಮೇ ಮಗುಚೀತು." ಮುದುಕ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಹೋಗೋ ಹುಚ್ಚಪ್ಪ. ಹೋಗಿ ತಿನ್ನು. ತಿಂದು ಬಂದು ಅವನು ಏನು ಹಾಕ್ತಾನೆ ಅಂತ ನನಗೆ ಹೇಳು. ಗಾಳಿ ಆ ಕಡೆಯಿಂದ ಬೀಸಿದಾಗೆಲ್ಲ ನನ್ನ ಬಾಯಲ್ಲಿ ನೀರು ಬರುತ್ತೆ. ಇಲ್ಲಿ ನಿಂತು ನನ್ನ ಚೆವಾಪೀನೇ ಮೂಸಿ ಮೂಸಿ ಸತ್ತೋಗಿದೀನಿ ಮಾರಾಯ. ನಾನೇ ಹೋಗೋಕಾಗುತ್ತಾ?"

ಮುಹಾರೆಮ್‌ಗೆ ಭೂಮಿ ಬಾಯಿಬಿಟ್ಟಂತಾಯಿತು. ಪೂಜಾರಿಯೇ ಎದುರಿನ ಗುಡಿಯ ಪ್ರಸಾದಕ್ಕೆ ಬಾಯಿ ಚಪ್ಪರಿಸಿದರೆ ಭಕ್ತ ಎಲ್ಲಿ ಹೋಗಬೇಕು!

ಭಾನುವಾರ ಬಂತು. ಹೊಸ ಅಂಗಿ, ಹಳೇ ಮುಖ. ಮಗಳು ಒಂದು ತೋಳು, ಹೆಂಡತಿ ಇನ್ನೊಂದು ತೋಳು ಹಿಡಿದು ನಡೆಸಿದರು. ಓಣಿಯ ಬಾಯಲ್ಲಿ ರಾಗಿಬ್‌ನ ಅಂಗಡಿಯ ಖಾಯಂ ಗಿರಾಕಿಗಳೆಲ್ಲ ಕ್ಷೌರಿಕ ಶಾಚಿರ್‌ನ ಮುಂದಾಳತ್ವದಲ್ಲಿ ಟೋಪಿ ತೆಗೆದು ಸಾಲಾಗಿ ನಿಂತಿದ್ದರು, ಶವಯಾತ್ರೆಗೆ ನಿಂತ ಹಾಗೆ.

"ಒಳ್ಳೆ ಮನುಷ್ಯ ಆಗಿದ್ದ" ಎಂದ ಶಾಚಿರ್, ಎಲ್ಲರಿಗೂ ಕೇಳುವಂತೆ.

"ಇನ್ನೂ ಬದುಕಿದೀನಿ ಕಣೋ ನಾಯಿ!"

"ಹೊಸ್ತಿಲು ದಾಟೋವರೆಗೆ."

ದಾಟಿದ. ಸಿಡಿಲು ಬೀಳಲಿಲ್ಲ. ಒಳಗೆ ಹಿಲ್ಮಿಯಾ ಬಿಳಿ ನಿಲುವಂಗಿ ತೊಟ್ಟು ಒಲೆಯ ಬಳಿ ನಿಂತಿದ್ದ. ಕಡ್ಡಿಯಂಥ ಆಳು, ಕಂಬದಂಥ ಮೀಸೆ. "ಬನ್ನಿ" ಎಂದ. ಬೀಗರೇ ಎನ್ನಲಿಲ್ಲ. ಮೂಲೆಯಲ್ಲಿ ವೆಹಿದ್ ತನ್ನ ಉಗುರನ್ನೇ ನೋಡುತ್ತಾ ಕೂತಿದ್ದ. ಶಾಚಿರ್ ಮತ್ತವನ ಸೈನ್ಯ ಗಾಜಿಗೆ ಮೂಗು ಒತ್ತಿ ನಿಂತಿತು. ಗಾಜಿನ ತುಂಬ ಬಿಳಿ ಮೂಗುಗಳೇ.

ತಟ್ಟೆ ಬಂತು. ಸೋಮೂನ್‌ನ ಮೇಲ್ಮೈ ಜಿಡ್ಡಿನಿಂದ ಹೊಳೆಯುತ್ತಿತ್ತು. ಮುಹಾರೆಮ್ ಕಣ್ಣು ಮುಚ್ಚಿ, ಅಪ್ಪನ ಕ್ಷಮೆ ಕೇಳಿ, ಒಂದು ತುಂಡನ್ನು ರೊಟ್ಟಿಯ ಚೂರಿನಲ್ಲಿ ಹಿಡಿದು ಬಾಯಿಗಿಟ್ಟ.

ಅಗಿದ. ಹುಬ್ಬು ಮೇಲೆ ಹೋಯಿತು, ಹಾಗೇ ಅಲ್ಲೇ ನಿಂತಿತು. ಕಿವಿ ಒಮ್ಮೆ ಅಲುಗಾಡಿತು. ಬಾಯೊಳಗೆ ಯಾರೋ ಬೆಟ್ಟದ ತುದಿಯಲ್ಲಿ ಬೆಂಕಿ ಹಚ್ಚಿ, ಪಕ್ಕದಲ್ಲಿ ಕುರಿ ಮೇಯಿಸುತ್ತಾ, ಅಕಾರ್ಡಿಯನ್ ನುಡಿಸುತ್ತಿದ್ದರು. ಇದು ರಾಗಿಬ್‌ನದಲ್ಲ. ಬೇರೆಯೇ. ಬೇರೆ, ಆದರೆ ಅಯ್ಯಯ್ಯೋ! ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ನುಂಗಿದ. ಅವನ ಅಪ್ಪಣೆ ಇಲ್ಲದೆ ಅವನ ಬಲಗೈ ಎರಡನೆಯ ತುಂಡಿಗೆ ಹೋಗಿತ್ತು. ಎಡಗೈ ಅದನ್ನು ತಡೆಯಲು ಹೋಗಿ ತಾನೂ ಒಂದನ್ನು ಎತ್ತಿಕೊಂಡಿತು.

ತಟ್ಟೆಯಲ್ಲಿ ಒಂದೇ ಒಂದು ತುಂಡು ಉಳಿದಾಗ ಹಿಲ್ಮಿಯಾ ಎದುರಿಗೆ ಬಂದು ನಿಂತ. ಮಜ್ಜಿಗೆಯಂಥ ಮೊಸರನ್ನು ಲೋಟಕ್ಕೆ ಬಗ್ಗಿಸಿದ. ಅವನ ಕಣ್ಣು ಮುಹಾರೆಮ್‌ನ ಬಾಯಿಯ ಮೇಲೇ ಇದ್ದು ಅರ್ಧ ಮೇಜಿನ ಮೇಲೆ ಚೆಲ್ಲಿತು. ಮುಹಾರೆಮ್ ಅದನ್ನು ನೋಡಿದ. ಇಷ್ಟು ದಿನ ತನಗೊಬ್ಬನಿಗೇ ಭಯ ಎಂದುಕೊಂಡಿದ್ದ.

"ಹೇಳಿ" ಎಂದ ಹಿಲ್ಮಿಯಾ. "ಹೇಗಿದೆ?"

ಗಾಜಿನಾಚೆಯ ಮೂಗುಗಳು ಇನ್ನಷ್ಟು ಚಪ್ಪಟೆಯಾದವು. ಫಾದಿಲಾ ಮೇಜಿನಡಿ ಗಂಡನ ಕಾಲು ತುಳಿದಳು. ಏನರ್ಥದಲ್ಲಿ ತುಳಿದಳೋ ಅವಳಿಗೂ ಗೊತ್ತಿರಲಿಲ್ಲ.

ಮುಹಾರೆಮ್ ಬಾಯಿ ಒರೆಸಿಕೊಂಡ.

"ನೋಡಿ, ನಾನು ಊಟದ ವಿಷಯದಲ್ಲಿ ಸುಳ್ಳು ಹೇಳೋನಲ್ಲ."

"ಅದಕ್ಕೇ ಕೇಳ್ತಿರೋದು."

"ತಿನ್ನದೇ ಒಂದು ಮಾತಂದಿದ್ದೆ, ಅದು ತಪ್ಪು. ಚಪ್ಪಲಿಯವನ ಹತ್ರಾನೂ ಹೇಳ್ತೀನಿ. ಈಗ ತಿಂದಿದೀನಿ. ಆದ್ರೆ ಒಂದೇ ತಟ್ಟೆ ತಿಂದು ತೀರ್ಪು ಕೊಟ್ರೆ ಅದು ಇನ್ನೊಂದು ತಪ್ಪಾಗುತ್ತೆ. ಇವತ್ತು ಭಾನುವಾರ, ಕೆಂಡ ಹದವಾಗಿತ್ತೋ ಏನೋ. ವಾರದ ನಡುವೆ ಹೇಗಿರುತ್ತೋ? ಮಂಜು ಬಿದ್ದಾಗ ಹೇಗೋ? ವಸಂತದ ಹುಲ್ಲು ಮೇಯ್ದ ಮಾಂಸ ಬೇರೆ, ಚಳಿಗಾಲದ್ದು ಬೇರೆ. ಎಲ್ಲ ವಿಚಾರಣೆ ಆಗಬೇಕು. ಅಲ್ಲೀವರೆಗೆ ತೀರ್ಪಿಗೆ ವಾಯಿದೆ."

ಹಿಲ್ಮಿಯಾ ಮೀಸೆಯ ತುದಿ ಜಗಿದ. "ವಾಯಿದೆ ಅಂದ್ರೆ ಎಷ್ಟು ದಿನ?"

"ಪ್ರತಿ ಶುಕ್ರವಾರ ಹಾಜರಾಗ್ತೀನಿ. ಎಷ್ಟು ದಿನ ಹಿಡಿಯುತ್ತೋ ಯಾರಿಗೆ ಗೊತ್ತು? ನಾನಂತೂ ಅವಸರ ಮಾಡೋನಲ್ಲ."

"ಮದುವೆ?"

"ಮುದುಕರ ಮೊಕದ್ದಮೆಗೆ ಮಕ್ಕಳು ಯಾಕೆ ಕಾಯಬೇಕು? ಅದು ನಡೀಲಿ. ತೀರ್ಪನ್ನ ಮೊಮ್ಮಕ್ಕಳು ಕೇಳಿಸಿಕೊಂಡಾರು."

ಹಿಲ್ಮಿಯಾ ನಲವತ್ತು ವರ್ಷ ಒಲೆ ಮುಂದೆ ನಿಂತವನು. ಒಬ್ಬ ಮನುಷ್ಯ ತನ್ನ ಅಂಗಡಿಗೆ ಸಾಯುವ ತನಕ ಬರುತ್ತೇನೆ ಅಂದರೆ ಅದಕ್ಕಿಂತ ದೊಡ್ಡ ತೀರ್ಪು ಯಾವ ಕೋರ್ಟಿನಲ್ಲೂ ಬರೆದಿಲ್ಲವೆಂದು ಅವನಿಗೆ ಹೊಳೆಯಿತು. ಮೀಸೆಯಡಿಯಿಂದ ನಗು ಒಸರತೊಡಗಿತು, ಆಮೇಲೆ ಒಡ್ಡು ಒಡೆಯಿತು. "ಬೀಗರೇ! ಕಳ್ಳ ಬೀಗರೇ!" ಎಂದು ಮುಹಾರೆಮ್‌ನನ್ನು ಅಪ್ಪಿಕೊಂಡ. ತೋಳು ಅರ್ಧಕ್ಕಷ್ಟೇ ಸಾಕಾಯಿತು. ಮಿಕ್ಕರ್ಧವನ್ನು ವೆಹಿದ್ ಓಡಿ ಬಂದು ಅಪ್ಪಿಕೊಂಡ.

ಬಾಗಿಲು ದಢಾರನೆ ತೆರೆಯಿತು. ಶಾಚಿರ್ ಮುಂದೆ, ಸೈನ್ಯ ಹಿಂದೆ.

"ವಿಚಾರಣೆ ಅಂದ್ಮೇಲೆ ಸಾಕ್ಷಿಗಳು ಬೇಡ್ವಾ?" ಎಂದ ಶಾಚಿರ್, ಆಗಲೇ ಕುರ್ಚಿ ಎಳೆದುಕೊಳ್ಳುತ್ತಾ. "ಇಷ್ಟು ಹೊತ್ತು ಆಚೆ ನಿಂತು ಬರೀ ಹೊಗೆ ಕುಡ್ದಿದೀವಿ. ಈರುಳ್ಳಿ ಜಾಸ್ತಿ ಇರಲಿ."

"ನೀನು ಹೊಸ್ತಿಲು ದಾಟಿದೆ ಕಣೋ!" ಎಂದ ಮುಹಾರೆಮ್.

"ಸತ್ತೋನನ್ನ ಒಬ್ಬನೇ ಬಿಡೋಕಾಗುತ್ತಾ?"

ಈ ಗದ್ದಲದಲ್ಲಿ ಸನಿಹಾ ಕೈ ಚಾಚಿ ಅಪ್ಪನ ತಟ್ಟೆಯಲ್ಲಿ ಉಳಿದಿದ್ದ ಕೊನೆಯ ತುಂಡನ್ನು ಎತ್ತಿಕೊಂಡಳು.

"ಏಯ್! ಏಯ್! ಅದನ್ನ ಮುಟ್ಟಬೇಡ, ಸಾಕ್ಷ್ಯ ಅದು!"

ಅವಳು ಅಗಿದಳು, ಕಣ್ಣರಳಿಸಿದಳು, ನಿಧಾನವಾಗಿ ಬೆರಳು ನೆಕ್ಕಿಕೊಂಡಳು.

"ಸಾಕ್ಷ್ಯ ಆಗಿತ್ತು, ಬಾಬೊ."

ಮುಹಾರೆಮ್ ಖಾಲಿ ತಟ್ಟೆಯನ್ನೂ ಮಗಳನ್ನೂ ಮತ್ತೆ ಮತ್ತೆ ನೋಡಿದ. ಆಮೇಲೆ ಒಲೆಯ ಕಡೆ ತಿರುಗಿ, ನ್ಯಾಯದ ಭಾರವೆಲ್ಲ ತನ್ನ ಹೆಗಲ ಮೇಲೇ ಬಿದ್ದವನ ಹಾಗೆ ನಿಟ್ಟುಸಿರು ಬಿಟ್ಟು ಕೂಗಿದ:

"ಬೀಗರೇ, ವಿಚಾರಣೆ ಮೊದಲಿಂದ ಶುರು. ದೊಡ್ಡ ತಟ್ಟೆ!"