ಉಡಿಯಾಗ ಕುಂತು ವಿಮಾನ ಹತ್ತಿದ ಮರಿ

ಇಸವಿ ಕೇಳಬ್ಯಾಡ್ರಿ. ಬೆಳಗಾಂವಿಯಿಂದ ಮುಂಬೈಗೆ ಸಣ್ಣ ವಿಮಾನ ಹಾರತಿದ್ದ ಕಾಲ. ನನ್ನ ಕೂದಲಾ ಇನ್ನೂ ಅರ್ಧಾ ಕರಿ ಇದ್ದುವು. ನಮ್ಮ ಮನಿಯವರದು ಬನಹಟ್ಟ್ಯಾಗ ಸೀರಿ ವ್ಯಾಪಾರ. "ಈ ವರ್ಷ ಹೇಣ್ತಿನ್ನ ವಿಮಾನ ಹತ್ತಸ್ತೇನಿ" ಅಂತ ಬಜಾರ ತುಂಬ ಹೇಳ್ಕೊಂಡ ಬಂದಿದ್ರು. ನನಗ ಹೇಳಿದ್ದು ಎಲ್ಲಾರಗಿಂತ ಕಡೀಕ.

ಮುಂಬೈಯಾಗ ನನ್ನ ತಮ್ಮ ಇದ್ದ. ಅವಗ ಮುಧೋಳ ನಾಯಿ ಅಂದ್ರ ಜೀವಾ. ನಮ್ಮ ಮನ್ಯಾಗ ತಾಯಿ ಸತ್ತದ್ದೊಂದು ಮರಿ ಇತ್ತು. ಹತ್ತಿ ಬತ್ತಿ ಹಾಲಾಗ ಅದ್ದಿ ನಾನ ಬಾಯಿಗೆ ಹಿಡದ್ರ ಅಷ್ಟ ಚೀಪತಿತ್ತು, ಬ್ಯಾರೆಯವರ ಕೈ ಮೂಸತಿದ್ದಿಲ್ಲ. ಅದನ್ನ ತಮ್ಮಗ ಮುಟ್ಟಸೂದಿತ್ತು. ಟಿಕೀಟ ತಗಿಸೂಮುಂದ ಕೇಳಿದ್ವಿ. "ಸಣ್ಣ ಮರಿ ಹೌದಲ್ರಿ? ತೊಡಿ ಮ್ಯಾಲ ಇಟ್ಗೊಂಡ ಬರ್ರಿ" ಅಂದಿದ್ರು ಕಂಪನಿಯವರು.

ಹೊರಡೂ ದಿನಾ ಬೆಳಗಾಂವಿಯಾಗ ನಮ್ಮ ನೆಗೆಣ್ಣಿ, ಅಲ್ಲಿರೂ ಮೈದುನನ ಹೇಣ್ತಿ, ನನಗ ಉಡಿ ತುಂಬಿದ್ಲು. ಅಕ್ಕಿ, ತೆಂಗಿನಕಾಯಿ, ಒಂದ ಕುಪ್ಪಸದ ಖಣ. ಮುತ್ತೈದಿ ಬರೇ ಉಡೀಲೆ ಹೊಂಡಬಾರ್ದಲ್ಲ. ಅದನ್ನ ರೊಟ್ಟಿ ಗಂಟಿನ ಜೋಡಿ ಚೀಲದಾಗ ಹಾಕ್ಕೊಂಡು, ಮರೀನ ಬುಟ್ಟ್ಯಾಗ ಮಲಗಿಸಿ ವಿಮಾನ ನಿಲ್ದಾಣಕ್ಕ ಹೋದ್ವಿ.

ಅಲ್ಲೆ ಟೈ ಕಟಗೊಂಡ ಕಂಪನಿ ಮನಿಷಾ ಒಬ್ಬ ನಿಂತಿದ್ದ. "ನಾಯಿ ಒಳಗ ಬರಂಗಿಲ್ಲ. ಲಗೇಜಿಗೆ ಹಾಕ್ರಿ."

"ತೊಡಿ ಮ್ಯಾಲ ಅಂದಿದ್ರಲ್ಲೋ ತಮ್ಮಾ, ನಿಮ್ಮ ಆಫೀಸಿನವರ?"

"ಅವ್ರು ಏನರೆ ಅಂದಿರ್ಲಿ. ಇಲ್ಲೆ ನಾ ಹೇಳಿದ್ದ ರೂಲ."

ಬುಟ್ಟಿ ಕಸಗೊಂಡು, ಚೀಟಿ ಹಚ್ಚಿ, ಹೊರಗ ಗಾಡಿ ಮ್ಯಾಲ ಇಟ್ಟಬಿಟ್ಟ. ಬಿಸಲಾಗ!

ವಿಮಾನ ನೋಡಿದ್ರ ಬರವಲ್ದು. ಯಾವಾಗ ಬರತೈತಿ ಅಂದ್ರ ಯಾರೂ ಹೇಳವಲ್ರು. ಕುಡ್ಯಾಕ ನೀರ ಸೈತ ಇಲ್ಲ. ನಾ ಎದ್ದು ಟೈದವನ ಕಡೆ ಹೋಗಿ ಅಂದೆ, "ಗಾಣದ ಎತ್ತಿಗೂ ನೀರ ಕುಡಸ್ತಾರೋ ಯಪ್ಪಾ. ನಾವು ಟಿಕೀಟ ತಗಿಸಿ ಬಂದ ಮಂದಿ."

"ಅಜ್ಜೀ, ಸುಮ್ನ ಹೋಗಿ ಕುಂದರ್ರಿ" ಅಂದ.

ಅಜ್ಜಿ! ನೀರ ಕೊಡದಿದ್ದದ್ದು ತಡಕೊಂಡಿದ್ದೆ, ಇದು ತಡಕೊಳ್ಳಾಕ ಆಗ್ಲಿಲ್ಲ.

ಅಷ್ಟೊತ್ತನಕ ಮರಿ ಕುಂಯ್ ಕುಂಯ್ ಅನ್ನೂದು ಕೇಳಸ್ತಿತ್ತು. ಒಮ್ಮಿಂದೊಮ್ಮೆ ನಿಂತ್ತು. ಗಾಡಿ ಕಡೆ ಓಡಿ, ಅದನ್ನ ಕಾಯತಿದ್ದ ಹಮಾಲಗ "ನನ್ನ ಗುಳಿಗಿ ಬುಟ್ಟ್ಯಾಗ ಉಳದಾವೋ ಯಣ್ಣಾ" ಅಂದೆ. ಬುಟ್ಟಿ ತಗದ್ರ ಮರಿ ನಾಲಗಿ ಹೊರಗ ಹಾಕಿ ಬಿದ್ದಿತ್ತು. ಪಾಪ, ಆ ಹಮಾಲ ತನ್ನ ಬಾಟ್ಲಿ ನೀರನ ಅದರ ಬಾಯಿಗೆ ಬಿಟ್ಟ. ಮರಿ ಕಣ್ಣ ತಗೀತು.

"ನಾ ಆ ಕಡೆ ಮಾರಿ ಮಾಡಿ ನಿಂದರ್ತೇನವಾ" ಅಂದ. ಶಾಣ್ಯಾ ಮನಿಷಾ.

ಚೀಲದಾಗಿನ ರೊಟ್ಟಿ ಗಂಟ ತಗದು, ತೂಕಕ್ಕಂತ ಬುಟ್ಟ್ಯಾಗ ಇಟ್ಟು ಮುಚ್ಚಿದೆ. ಮರೀನ ಸೆರಗಿನ ಉಡಿಯಾಗ ಹಾಕ್ಕೊಂಡೆ. ಮ್ಯಾಲೆ ಖಣ ಮುಚ್ಚಿ, ಅಕ್ಕಿ ಸುರದು, ಕಾಯಿ ಇಟ್ಟು ಗಂಟ ಬಿಗದೆ.

ಮುಂದ ತಪಾಸಣಿ. ಅಲ್ಲಿದ್ದಾಕಿ ಬೆಳಗಾಂವಿ ಹೆಣಮಗಳು. ನನ್ನ ಉಡಿ ಮುಂದ ಅಕಿ ಕೈ ನಿಂತ್ತು. "ಅಕ್ಕಾ, ಕಾಯಿ ಅಳ್ಳಾಡಾಕತ್ತೈತಿ."

"ಒಳಗ ನೀರ ಬಾಳ ಐತಿ."

"ಉಸರೂ ಬಿಡಾಕತ್ತೈತಿ."

"ಎಳೇದ ಐತವಾ."

ಎರಡ ಬೆರಳಲೆ ಖಣ ಎತ್ತಿ ನೋಡಿದ್ಲು. ಮರಿ ಅಕಿ ಬೆರಳ ನೆಕ್ಕತು. ಅಕಿ ಟೈದವನ ಕಡೆ ಒಮ್ಮೆ ನೋಡಿ, ಖಣ ಮೊದಲಿನಂಗ ಮುಚ್ಚಿದ್ಲು. "ತುಂಬಿದ ಉಡಿ ಬಿಚ್ಚಬಾರ್ದು. ನಡೀರಿ."

ವಿಮಾನದಾಗ ನಮ್ಮ ಮನಿಯವರು ನನ್ನ ಹೊಟ್ಟಿ ನೋಡಿ, "ಏನಬೇ, ಈ ವಯಸ್ಸಿನಾಗ?" ಅಂದ್ರು.

"ಹೆದರಬ್ಯಾಡ್ರಿ, ನಿಮ್ಮದಲ್ಲ" ಅಂದೆ. ಮರಿ ಬಾಲ ಹೊರಗ ಬಂದದ್ದ ತಡ, ಹೆಗಲ ಮ್ಯಾಲಿನ ಟಾವೆಲ್ ತಗದು ಅದರ ಮ್ಯಾಲ ಹೊಚ್ಚಿದ್ರು.

ಮುಂಬೈಯಾಗ ಇಳದ್ವಿ. ಅಲ್ಲಿನ ಕಂಪನಿ ಸಾಹೇಬ ಬುಟ್ಟಿ ತಂದು, ನಾಯಿ ನೋಡ್ಕೋರಿ ಅಂತ ಮುಚ್ಚಳ ತಗದ. ಒಳಗ ಕಡಕ ರೊಟ್ಟಿ! ಅವನ ಮಾರಿ ಬಿಳೇ ಆತು. ಮರಾಠಿಯಾಗ ಗಡಬಡಿಸಿದ, ನಾಯಿ ತಪ್ಪಿಸ್ಕೊಂಡೈತಿ, ಪರಿಹಾರ ಕೊಡ್ತೇವಿ ಅಂತ. ನಮ್ಮ ಮನಿಯವರ ಕಣ್ಣ ಮಿಂಚಿದ್ವು. ನಾ ಅವರ ಕಾಲ ತುಳದೆ.

"ಪರಿಹಾರ ಬ್ಯಾಡ್ರಿ" ಅಂದೆ, ನನಗ ಬರೂ ಮರಾಠಿಯಾಗ. "ಇಷ್ಟ ಮಂದೀನ ನೀರಿಲ್ಲದ ಕುಂದರಿಸಿದ್ರಿ. ಒಂದ ಮಾತ ಹೇಳಿ, ಒಂದ ಮಾಡಿದ್ರಿ. ಮಾತಾಡಾಕ ಬರಲಾರದ ಜೀವಾನ ಬಿಸಲಾಗ ಇಟ್ರಿ. ತಪ್ಪಾತು ಅನ್ರಿ, ಇವ್ರೆಲ್ಲಾರ ಮುಂದ."

ನನ್ನ ಕೂಡ ಬಂದ ಮಂದಿ ಎಲ್ಲಾ ಸುತ್ತಗಟ್ಟಿ ನಿಂತಿದ್ರು. ಸಾಹೇಬ ಕೈ ಮುಗದು ತಪ್ಪಾತು ಅಂದ.

ಅಷ್ಟರಾಗ ಉಡಿಯಾಗಿಂದ ಭೌ ಅಂತು. ಗಂಟ ಸಡಲಿ ಅಕ್ಕಿ ಎಲ್ಲಾ ನೆಲದ ಮ್ಯಾಲ ಚೆಲ್ಲಿ, ನಡುವ ಮರಿ ಮಾರಿ ಹೊರಗ ಹಾಕ್ತು. ಸಾಹೇಬ ಸಿಟ್ಟಿಗೆದ್ದು ಮುಂದ ಬಂದ.

"ಹಾಂ ಹಾಂ! ಉಡಿ ಅಕ್ಕಿ, ತುಳೀಬ್ಯಾಡ್ರಿ!"

ಅವರ ಮನ್ಯಾಗೂ ಉಡಿ ತುಂಬತಿರಬೇಕಲ್ಲ, ಎತ್ತಿದ ಕಾಲ ಎತ್ತಿದಂಗ ನಿಂತ. ಆಮ್ಯಾಲೆ ಬೂಟ ಕಳದು, ಕುಕ್ಕರಗಾಲಿಲೆ ಕುಂತು, ಒಂದೊಂದ ಕಾಳ ಆರಸಾಕ ಹತ್ತಿದ.

"ಈ ನಾಯಿ ವಿಮಾನದಾಗ ಹೆಂಗ ಬಂತು?" ಅಂತ ಕೆಳಗ ನೋಡ್ಕೋತನ ಕೇಳಿದ.

"ನೀವ ಹೇಳಿದಂಗ. ತೊಡಿ ಮ್ಯಾಲ" ಅಂದೆ. "ಅಗಾ, ಆ ಮೂಲ್ಯಾಗ ಇನ್ನೂ ನಾಕ ಕಾಳ ಅದಾವು ನೋಡ್ರಿ."